ಬನ್ನಿ, ಕುಳಿತುಕೊಳ್ಳಿ, ಸಹಿ ಮಾತ್ರ ಓದಿ ಹಾಕಿ

(ತಾಲ್ಲೂಕು ಕೇಂದ್ರವೊಂದರಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಅವರ ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಸಮಯ ಸಾಲದೆ ಬಿಟ್ಟದ್ದನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಂಘಟಕರು ಕೊಟ್ಟ ವಿಷಯ "ಸಮಾಜದಲ್ಲಿ ಸನ್ನಡತೆ, ವಿದ್ಯೆ ಮತ್ತು ಲೋಕಜ್ಞಾನ". ಇಂಥ ವಿಷಯ ಸಿಕ್ಕರೆ ನನ್ನ ವಯಸ್ಸಿನವರು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ಈಗಿನ ಹುಡುಗರಿಗೆ ಮರ್ಯಾದೆ ಇಲ್ಲ ಎಂದು ಶುರುಮಾಡಿ, ನಮ್ಮ ಕಾಲದಲ್ಲಿ ಹಿರಿಯರು ಬಂದರೆ ಎದ್ದು ನಿಲ್ಲುತ್ತಿದ್ದೆವು ಎಂದು ಮುಗಿಸುವುದು. ನಾನು ಆ ದಾರಿ ಹಿಡಿಯುವುದಿಲ್ಲ. ಎದ್ದು ನಿಲ್ಲುತ್ತಿದ್ದವರನ್ನು ಹತ್ತಿರದಿಂದ ನೋಡಿದವನು ನಾನು. ಅವರಲ್ಲಿ ಅರ್ಧ ಜನ ಗೌರವಕ್ಕೆ ನಿಲ್ಲುತ್ತಿದ್ದರು, ಇನ್ನರ್ಧ ಜನ ಹೆದರಿ ನಿಲ್ಲುತ್ತಿದ್ದರು. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ನನ್ನ ನೌಕರಿ ಕಳೆದದ್ದು ಒಂದು ಸಹಕಾರಿ ಬ್ಯಾಂಕಿನ ಕೌಂಟರಿನ ಹಿಂದೆ. ಪೀಠ ಏರಿದವನಲ್ಲ, ಪುಸ್ತಕ ಬರೆದವನಲ್ಲ. ಆದರೆ ಮನುಷ್ಯರು ಪರಸ್ಪರ ಹೇಗೆ ಮಾತಾಡುತ್ತಾರೆ ಅನ್ನುವುದನ್ನು ನೋಡಲು ಬ್ಯಾಂಕಿನ ಕೌಂಟರಿಗಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿ ಎಲ್ಲರೂ ಬರುತ್ತಾರೆ, ದುಡ್ಡಿನ ವಿಷಯಕ್ಕೇ ಬರುತ್ತಾರೆ. ದುಡ್ಡಿನ ಮುಂದೆ ಮನುಷ್ಯನ ನಡತೆ ಬಹಳ ಹೊತ್ತು ವೇಷ ಹಾಕಿಕೊಂಡು ಇರಲಾರದು.

ಮ್ಯಾನೇಜರರ ಕೋಣೆಯ ಕುರ್ಚಿಗಳಿಂದಲೇ ಶುರುಮಾಡುತ್ತೇನೆ. ಮೇಜಿನ ಈಚೆ ಕುರ್ಚಿ ಖಾಲಿ ಇರುತ್ತದೆ. ಗುತ್ತಿಗೆದಾರ ಬಂದರೆ ಅವನು ಬಾಗಿಲಲ್ಲಿ ಇರುವಾಗಲೇ "ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂಬ ದನಿ ಕೇಳುತ್ತದೆ, ಹಿಂದೆಯೇ ಕಾಫಿ. ಸ್ತ್ರೀಶಕ್ತಿ ಸಂಘದ ಹೆಣ್ಣುಮಗಳು ಪಾಸ್‌ಬುಕ್ಕು ಹಿಡಿದು ಬಂದರೆ ಆಕೆ ನಿಂತೇ ಮಾತಾಡುತ್ತಾಳೆ, ನಿಂತೇ ಹೋಗುತ್ತಾಳೆ. ಕುರ್ಚಿ ಹಾಗೇ ಖಾಲಿ. ಆಕೆ ಕೂರಬಾರದು ಎಂದು ಯಾರೂ ಹೇಳಿಲ್ಲ. ಕೂರಿ ಎಂದೂ ಯಾರೂ ಹೇಳಿಲ್ಲ. ಆಕೆಯ ಸಂಘ ಕಂತು ತಪ್ಪಿಸಿದ್ದೇ ಇಲ್ಲ. ಗುತ್ತಿಗೆದಾರನ ಖಾತೆಯ ಕಥೆ ಬೇರೆ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣನವರಿಗೆ ಈ ದೃಶ್ಯ ಚೆನ್ನಾಗಿ ಪರಿಚಯ ಇದ್ದಿರಬೇಕು. ಅದೂ ಒಂದು ರೀತಿಯಲ್ಲಿ ಕೌಂಟರೇ ತಾನೆ. "ಏನಿ ಬಂದಿರಿ, ಹದುಳವಿದ್ದಿರೆ ಎಂದಡೆ ನಿಮ್ಮೈಸಿರಿ ಹಾರಿಹೋಹುದೆ? ಕುಳ್ಳಿರೆಂದಡೆ ನೆಲ ಕುಳಿಹೋಹುದೆ?" ಇದನ್ನು ನೀವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀರಿ, ಅಂಕವನ್ನೂ ತೆಗೆದುಕೊಂಡಿದ್ದೀರಿ. ಈಗ ಸ್ವಲ್ಪ ನಿಧಾನವಾಗಿ ನೋಡಿ. ಈ ಮಾತು ಯಾರಿಗೆ? ಐಸಿರಿ ಇದ್ದವನಿಗೆ. ಬಡವನಿಗೆ "ವಿನಯದಿಂದಿರು" ಎನ್ನುವ ಉಪದೇಶ ಇದರಲ್ಲಿ ಒಂದಕ್ಷರವೂ ಇಲ್ಲ. ಕೇಳುತ್ತಿರುವುದಾದರೂ ಏನು? ಚೆನ್ನಾಗಿದ್ದೀರಾ ಎಂದು ವಿಚಾರಿಸುವುದು, ಕೂರಿ ಎನ್ನುವುದು, ತಿರುಗಿ ಒಂದು ಮಾತಾಡುವುದು. ಮೂರಕ್ಕೂ ಕಾಸು ಖರ್ಚಿಲ್ಲ. ಕೊಡಲು ಏನೂ ಇಲ್ಲದಿದ್ದರೆ ಇಷ್ಟಾದರೂ ಗುಣ ಬೇಡವೇ ಎಂದು ಕೇಳಿ, ಅದೂ ಇಲ್ಲದವನ ಮೂಗು ಕೊಯ್ಯದೆ ಬಿಡುವನೇ ದೇವರು ಎಂದು ಮುಗಿಸುತ್ತಾರೆ. ಕುರ್ಚಿ ತೋರಿಸದವನಿಗೆ ಮೂಗು ಕೊಯ್ಯುವ ಶಿಕ್ಷೆ! ಶಿಷ್ಟಾಚಾರದ ಬಗ್ಗೆ ಇಷ್ಟು ಸಿಟ್ಟಿನಿಂದ ಮಾತಾಡಿದವರನ್ನು ನಾನು ಬೇರೆ ನೋಡಿಲ್ಲ.

ಈ ಸಿಟ್ಟನ್ನು ನಾವು ಮರೆತಿದ್ದೇವೆ. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಮರ್ಯಾದೆಯ ಪಾಠ ಎಲ್ಲ ಮೇಲ್ಮುಖ. ದೊಡ್ಡವರಿಗೆ ನಮಸ್ಕಾರ ಮಾಡು, ಮೇಷ್ಟ್ರಿಗೆ ಎದುರಾಡಬೇಡ, ಸಾಹೇಬರ ಮುಂದೆ ಕಾಲ ಮೇಲೆ ಕಾಲು ಹಾಕಬೇಡ. ಸರಿ, ಬೇಡ ಅನ್ನುವುದಿಲ್ಲ. ಆದರೆ ನೆಲ ಒರೆಸುವವರು ಬಂದಾಗ ಏಳಬೇಕೋ, ಅವರಿಗೆ ಕಾಫಿ ಕೊಡುವುದು ಯಾವ ಲೋಟದಲ್ಲಿ ಅನ್ನುವುದನ್ನು ನಮ್ಮ ಮಕ್ಕಳಿಗೆ ಯಾರು ಹೇಳಿಕೊಟ್ಟಿದ್ದಾರೆ? ಹೇಳಿಕೊಡದಿದ್ದರೂ ಅವರು ಕಲಿಯುತ್ತಾರೆ. ಅಡುಗೆಮನೆಯ ಕಟ್ಟೆಯ ಮೂಲೆಯಲ್ಲಿ ಬೇರೆ ಇಟ್ಟ ಆ ಸ್ಟೀಲಿನ ಲೋಟ ನೋಡಿ ಕಲಿಯುತ್ತಾರೆ.

"ಹಿಂದಿನ ಕಾಲದ ಮರ್ಯಾದೆ" ಎಂದು ಯಾರಾದರೂ ಹೇಳಿದರೆ ನಾನು ಸ್ವಲ್ಪ ಹುಷಾರಾಗುತ್ತೇನೆ. ಆ ಮರ್ಯಾದೆಯಲ್ಲಿ ಒಂದು ಪಾಲು ಯಾವುದು ಗೊತ್ತೇ? ಗೌಡರ ಮನೆ ಮುಂದೆ ಹಾದುಹೋಗುವಾಗ ಕೆಲವರು ಚಪ್ಪಲಿ ಕೈಯಲ್ಲಿ ಹಿಡಿಯಬೇಕಿತ್ತು, ಹೆಗಲ ಮೇಲಿನ ಟವಲು ಕೆಳಗೆ ಬರಬೇಕಿತ್ತು. ಎಪ್ಪತ್ತು ವರ್ಷದ ಮುದುಕನನ್ನು ಹತ್ತು ವರ್ಷದ ಹುಡುಗ ಹೆಸರು ಹಿಡಿದು "ಏ ಬಾರೋ" ಅಂದರೆ, ಆ ಮುದುಕ "ಏನು ಬುದ್ಧಿ" ಎನ್ನಬೇಕಿತ್ತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 1955ರ ಕಾಯ್ದೆ ಅಂಗಡಿ, ಹೋಟೆಲುಗಳ ಪ್ರವೇಶದಲ್ಲಿ, ಅಲ್ಲಿನ ಲೋಟ ತಟ್ಟೆಗಳಲ್ಲಿ ಭೇದ ಮಾಡುವುದನ್ನು ಅಪರಾಧ ಎಂದಿತು. ಅಂದರೆ ನಮ್ಮ ಊರಿನ ಶಿಷ್ಟಾಚಾರದ ಒಂದು ಭಾಗವನ್ನು ಅಪರಾಧ ಎಂದು ಕಾನೂನು ಬರೆಯಬೇಕಾಯಿತು. ಈಗಿನ ಹುಡುಗರಿಗೆ ಆ ಮರ್ಯಾದೆ ಬಾರದಿದ್ದರೆ ಸಂತೋಷವೇ.

ಏಕವಚನದ ಮಾತು ಬಂದದ್ದರಿಂದ ಒಂದು ಸಣ್ಣ ತಕರಾರು. ಕೆಲವರು, ಅದರಲ್ಲೂ ಪೇಟೆಯವರು, ಯಾರು "ನೀನು" ಅಂದರೂ ಮೈಮೇಲೆ ಬರುತ್ತಾರೆ. ನಮ್ಮಲ್ಲಿ ಅಮ್ಮನಿಗೆ ನೀನು, ದೇವರಿಗೆ ನೀನು, ಪ್ರಾಣಸ್ನೇಹಿತನಿಗೆ ನೀನು. ಹಳ್ಳಿಯ ಅಜ್ಜಿ ಜಿಲ್ಲಾಧಿಕಾರಿಗೂ "ಎಲ್ಲಿಂದ ಬಂದ್ಯಪ್ಪಾ, ಉಂಡ್ಯಾ?" ಎಂದಾಳು, ಅದರಲ್ಲಿ ಅಗೌರವ ಎಲ್ಲಿದೆ? ಧಾರವಾಡದ ಕಡೆಯವರು ಎರಡು ವರ್ಷದ ಕೂಸಿಗೂ "ಬರ್ರಿ, ಕುಂದರ್ರಿ" ಅನ್ನುತ್ತಾರೆ, ಅದರಲ್ಲಿ ಕೃತಕತೆ ಎಲ್ಲಿದೆ? ಏಕವಚನದಲ್ಲಿ ತಪ್ಪೇನಿಲ್ಲ. ಅದು ಒಂದೇ ಕಡೆಗೆ ಹರಿದಾಗ ತಪ್ಪು. ನೀವು ಆಟೋದವನಿಗೆ "ಬರ್ತೀಯಾ?" ಎಂದು ಕೇಳಿ, ಅವನು "ಎಲ್ಲಿಗೆ ಹೋಗ್ಬೇಕು ನೀನು?" ಎಂದು ತಿರುಗಿ ಕೇಳಿದರೆ ನಿಮಗೆ ಏನೂ ಅನ್ನಿಸದಿದ್ದರೆ, ಧಾರಾಳವಾಗಿ ಏಕವಚನದಲ್ಲಿ ಮಾತಾಡಿ. ಅನ್ನಿಸಿದರೆ, ಮೊದಲು ನಿಮ್ಮ ಪ್ರಶ್ನೆಯನ್ನು ತಿದ್ದಿಕೊಳ್ಳಿ.

ಇನ್ನು ವಿದ್ಯೆ. ಇಲ್ಲಿ ಕುಳಿತಿರುವ ಹೆಚ್ಚಿನವರು ಪದವಿ ಓದುತ್ತಿದ್ದೀರಿ. ವಿದ್ಯೆಯ ಮಹತ್ವ ಎಂದು ನಾನು ಶುರುಮಾಡಿದರೆ ನೀವು ಫೋನು ತೆಗೆಯುತ್ತೀರಿ, ತೆಗೆಯಬೇಕಾದದ್ದೇ. ಹಾಗಾಗಿ ಒಂದೇ ಸಂಗತಿ ಹೇಳುತ್ತೇನೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡನಾಡಿನ ಜನರನ್ನು ಹೊಗಳುವ ಪದ್ಯ ಇದೆಯಲ್ಲ, "ಪದನರಿದು ನುಡಿಯಲುಂ ನುಡಿದುದನರಿದಾರಯಲುಮಾರ್ಪರ್". ಹದವರಿತು ಮಾತಾಡಬಲ್ಲರು, ಇನ್ನೊಬ್ಬರು ಆಡಿದ್ದನ್ನು ತಿಳಿದು ವಿಚಾರ ಮಾಡಬಲ್ಲರು. ನಮ್ಮ ಭಾಷಣಕಾರರೆಲ್ಲ ಮುಂದಿನ ಸಾಲು, ಓದದೆಯೇ ಕಾವ್ಯ ಬಲ್ಲವರು ಅನ್ನುವುದನ್ನು ಹಿಡಿದು ಎದೆಯುಬ್ಬಿಸುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಮೊದಲ ಸಾಲಿನ ಎರಡನೆಯ ಅರ್ಧ. ಕುರಿತು ಓದದೆಯೂ ಅವರಿಗೆ ಅಷ್ಟೆಲ್ಲ ಬಂದಿದ್ದರೆ ಅದು ಕೇಳಿಸಿಕೊಂಡೇ ಬಂದಿರಬೇಕು.

ಯಾರಿಂದ ಕೇಳಿಸಿಕೊಳ್ಳಬೇಕು? ಬಹಳ ಸಲ ನಾವು ಕುರ್ಚಿ ತೋರಿಸದವರಿಂದ. ನಿಮ್ಮಪ್ಪನ ಜಮೀನಿನ ಪಹಣಿಯಲ್ಲಿ ಹೆಸರು ತಪ್ಪಾಗಿದೆ ಎಂದುಕೊಳ್ಳಿ. ಇಂಜಿನಿಯರಿಂಗ್ ಓದಿದ ಮಗ ಮೊಬೈಲಿನಲ್ಲಿ ಹುಡುಕುತ್ತಾ ಕೂರುತ್ತಾನೆ. ತಾಲ್ಲೂಕು ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಬರೆದುಕೊಡುವ ಮನುಷ್ಯನಿಗೆ ಗೊತ್ತು, ಇದಕ್ಕೆ ಮ್ಯುಟೇಶನ್ (ಹಕ್ಕು ಬದಲಾವಣೆ) ಪ್ರತಿ ಬೇಕೋ, ಪೋಡಿ (ಜಮೀನನ್ನು ಅಳೆದು ಭಾಗ ಬೇರೆ ಮಾಡುವುದು) ಆಗಬೇಕೋ, ಆಕಾರ್‌ಬಂದ್ (ಜಮೀನಿನ ವಿಸ್ತೀರ್ಣ, ಕಂದಾಯದ ಸರ್ವೆ ದಾಖಲೆ) ತೆಗೆಸಬೇಕೋ, ಯಾವ ಮೇಜಿಗೆ ಯಾವ ವಾರ ಹೋದರೆ ಕೆಲಸ ಆಗುತ್ತದೆ ಎಂದು. ಅವನನ್ನು "ಯಜಮಾನ್ರೇ, ಇದು ಹೀಗಾಗಿದೆ, ಏನು ಮಾಡೋದು?" ಎಂದು ಕೇಳಿದವನಿಗೆ ಹತ್ತು ನಿಮಿಷದಲ್ಲಿ ದಾರಿ ಗೊತ್ತಾಗುತ್ತದೆ. "ಏಯ್, ಒಂದು ಅರ್ಜಿ ಬರಿ" ಎಂದವನಿಗೆ ಒಂದು ಅರ್ಜಿ ಸಿಗುತ್ತದೆ, ಅಷ್ಟೇ. ಆಸ್ಪತ್ರೆಯಲ್ಲಿ ನರ್ಸು, ಊರಲ್ಲಿ ಲೈನ್‌ಮನ್, ಕಟ್ಟಡದಲ್ಲಿ ಗಾರೆ ಕೆಲಸದವರು, ಬ್ಯಾಂಕಿನಲ್ಲಿ ಅಟೆಂಡರು, ಇವರಿಗೆ ಗೊತ್ತಿರುವುದು ಪುಸ್ತಕದಲ್ಲಿಲ್ಲ. ಸನ್ನಡತೆಗೂ ವಿದ್ಯೆಗೂ ಸಂಬಂಧ ಏನು ಎಂದು ಕೇಳಿದರೆ ನನಗೆ ಕಂಡದ್ದು ಇಷ್ಟೇ.

ಮೇಲಿನವರ ಮುಂದೆ ಏನಾಗುತ್ತದೆ? ಅಲ್ಲಿ ನಮ್ಮ ವಿನಯ ವಿಪರೀತ. ಕೌಂಟರಿನ ಈಚೆಯಿಂದ ಕೈಮುಗಿದು ನಿಂತವರನ್ನು ನೋಡಿ ನೋಡಿ ನನಗೆ ಬೇಸರ ಬಂದಿತ್ತು. ಅವರ ಹಣ, ಅವರ ಖಾತೆ, ಕೈಮುಗಿಯುವುದು ಮಾತ್ರ ನಮಗೆ. ಸರ್ಕಾರಿ ಕಚೇರಿಯಲ್ಲಂತೂ ಹೇಳುವುದೇ ಬೇಡ. ಅರ್ಜಿ ಕೊಟ್ಟು, "ಸ್ವಾಮಿ, ನೋಡಿ ಮಾಡ್ಕೊಡಿ" ಎಂದು ಬೆನ್ನು ತೋರಿಸದೆ ಹಿಂದಕ್ಕೆ ನಡೆದುಬರುತ್ತಾರೆ. ಒಂದು ಚೀಟಿ ಕೇಳುವುದಿಲ್ಲ. ಚೀಟಿ ಕೇಳಿದರೆ ಸಾಹೇಬರ ಮೇಲೆ ಅನುಮಾನ ಪಟ್ಟಂತೆ, ಅದು ಮರ್ಯಾದೆಯಲ್ಲ ಎಂಬ ನಂಬಿಕೆ.

ಕರ್ನಾಟಕದಲ್ಲಿ 2011ರ ಸೇವೆಗಳ ಖಾತರಿ ಕಾಯ್ದೆ ಇದೆ, ನಾವು ಸಕಾಲ ಎನ್ನುತ್ತೇವೆ. ಅದರ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ ಸಂಖ್ಯೆಯಿರುವ ಸ್ವೀಕೃತಿ ಕೊಡಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂತು. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಯಾಕೆ ಕೇಳುತ್ತಿದ್ದೀಯಾ ಎಂದು ಅರ್ಜಿದಾರನನ್ನು ಕೇಳುವ ಹಾಗೇ ಇಲ್ಲ, ಕಾಯ್ದೆಯೇ ಹಾಗೆ ಬರೆದಿದೆ. ಇವು ಗೊತ್ತಿದ್ದವನು ಹೇಗೆ ಮಾತಾಡುತ್ತಾನೆ? ದನಿ ಏರಿಸಬೇಕಾಗಿಲ್ಲ, ವಿಡಿಯೊ ಮಾಡುತ್ತೇನೆ ಎಂದು ಫೋನು ಎತ್ತಬೇಕಾಗಿಲ್ಲ. "ಸಾರ್, ಅರ್ಜಿ ಕೊಟ್ಟಿದ್ದೇನೆ. ಸಕಾಲ ಸ್ವೀಕೃತಿ ಕೊಟ್ಟರೆ ಹೊರಡ್ತೀನಿ" ಎಂದು ಅಲ್ಲೇ ನಿಂತುಕೊಂಡರೆ ಸಾಕು. ಹೊರಡ್ತೀನಿ ಎಂದು ಹೇಳಿ ಹೊರಡದೆ ನಿಲ್ಲುವುದರಲ್ಲಿ ಬಹಳ ಶಕ್ತಿಯಿದೆ. ಕೌಂಟರಿನ ಹಿಂದೆ ಕುಳಿತವನಾಗಿ ಹೇಳುತ್ತಿದ್ದೇನೆ, ನಮಗೆ ಕೂಗಾಡುವವರ ಭಯ ಇರಲಿಲ್ಲ. ಕೂಗಾಡುವವನನ್ನು ಹೊರಗೆ ಕಳಿಸುವುದು ಸುಲಭ. ನಿಯಮ ಗೊತ್ತಿದ್ದು, ನಗುತ್ತಾ, ಬಹುವಚನದಲ್ಲಿ ಮಾತಾಡುವವನನ್ನು ಏನು ಮಾಡಲೂ ಬರುವುದಿಲ್ಲ, ಕೆಲಸ ಮಾಡಿಕೊಡಬೇಕಷ್ಟೇ.

ಲೋಕಜ್ಞಾನದ ಇನ್ನೊಂದು ಮುಖ ಸಂಕೋಚಕ್ಕೆ ಸಂಬಂಧಿಸಿದ್ದು. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ. ಇಲ್ಲಿರುವ ಪಾಲಕರಲ್ಲಿ ಕೆಲವರಿಗಾದರೂ ಇದು ತಾಗುತ್ತದೆ.

ಜಾಮೀನು ಸಹಿಯ ವಿಷಯ. ಬೀಗರು ಬರುತ್ತಾರೆ, ಅಥವಾ ಜೊತೆಗೆ ಓದಿದವನು ಬರುತ್ತಾನೆ. ಕಾಫಿ ಕುಡಿಯುತ್ತಾನೆ, ಮಕ್ಕಳ ಓದು ವಿಚಾರಿಸುತ್ತಾನೆ. ಏಳುವ ಮುಂಚೆ, "ಏನಿಲ್ಲ, ಸುಮ್ನೆ ಒಂದು ಸಹಿ" ಎನ್ನುತ್ತಾನೆ. ಆ "ಸುಮ್ನೆ" ಕೇಳಿದಾಗಲೆಲ್ಲ ನೀವು ಎಚ್ಚರಾಗಬೇಕು. 1872ರ ಕರಾರು ಕಾಯ್ದೆಯ 128ನೆಯ ಸೆಕ್ಷನ್ ಪ್ರಕಾರ, ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂದು ಬ್ಯಾಂಕಿಗೆ ಹೇಳುವ ಹಾಗಿಲ್ಲ. ನೋಟೀಸು ಬಂದ ದಿನ ಓಡಿಬಂದು, "ನಾನು ಸಾಕ್ಷಿ ಅಂತ ಹಾಕಿದ್ದು ಸಾರ್" ಎಂದು ಅತ್ತವರನ್ನು ನಾನು ನೋಡಿದ್ದೇನೆ. ಇವರು ದಡ್ಡರಲ್ಲ. ಅವರಲ್ಲಿ ಮೇಷ್ಟ್ರುಗಳಿದ್ದರು, ನಿವೃತ್ತ ನೌಕರರಿದ್ದರು. ಮನೆಗೆ ಬಂದವರ ಮುಂದೆ ಕಾಗದ ಬಿಡಿಸಿ ಓದಿದರೆ ಅವಮಾನ ಮಾಡಿದ ಹಾಗೆ ಆಗುತ್ತದೆ ಎಂಬ ದಾಕ್ಷಿಣ್ಯಕ್ಕೆ ಓದದೆ ಸಹಿ ಹಾಕಿದವರು.

ಹೊಣೆ ಹೊರುವುದೇ ತಪ್ಪು ಎಂದು ಹೇಳುತ್ತಿಲ್ಲ. ನಮ್ಮ ಸಹಕಾರ ಚಳವಳಿ ನಿಂತದ್ದೇ ಅದರ ಮೇಲೆ. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ದೇಶದ ಮೊಟ್ಟಮೊದಲ ಕೃಷಿ ಸಾಲ ಸಂಘಗಳ ಸಾಲಿಗೆ ಸೇರಿದ್ದು ಅದು. ಆಗಿನ ಕಾಯ್ದೆಯಲ್ಲಿ ಹಳ್ಳಿಯ ಸಂಘಕ್ಕೆ ಅಪರಿಮಿತ ಹೊಣೆ, ಅಂದರೆ ಸಂಘ ಮುಳುಗಿದರೆ ಸದಸ್ಯರ ಮನೆ ಮಠಕ್ಕೂ ಬರುತ್ತದೆ. ಆದರೂ ಜನ ಸೇರಿದರು. ಯಾಕೆ ಸೇರಿದರು? ಸಾಲ ಕೇಳಿದವನ ಎತ್ತು ಎಷ್ಟು, ಎರಿ ಹೊಲ ಎಷ್ಟು, ಕುಡಿಯುತ್ತಾನೋ ಇಲ್ಲವೋ, ಕೊಟ್ಟ ಮಾತಿಗೆ ನಿಲ್ಲುತ್ತಾನೋ ಎಂಬುದು ಊರಿಗೆಲ್ಲ ಗೊತ್ತಿತ್ತು. ಸಭೆಯಲ್ಲಿ ಮುಖಕ್ಕೇ ಕೇಳುತ್ತಿದ್ದರು. ಹೊಣೆ ಹೊರುವವನಿಗೆ ಕೇಳುವ ಹಕ್ಕಿತ್ತು, ಕೇಳಿಸಿಕೊಳ್ಳುವವನು ಅದನ್ನು ಅವಮಾನ ಎಂದುಕೊಳ್ಳುತ್ತಿರಲಿಲ್ಲ. ನಾವು ಈಗ ಹೊಣೆಯನ್ನು ಉಳಿಸಿಕೊಂಡು ಕೇಳುವುದನ್ನು ಬಿಟ್ಟಿದ್ದೇವೆ.

ಫೋನಿನ ಮೋಸವೂ ಇದೇ ಜಾತಿಯದ್ದು. "ನಿಮ್ಮ ಹೆಸರಿನ ಪಾರ್ಸಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಆಫ್ ಮಾಡಬೇಡಿ." ಹೀಗೆ ಅರೆಸ್ಟ್ ಮಾಡುವ ಕಾನೂನೇ ನಮ್ಮ ದೇಶದಲ್ಲಿಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ರೇಡಿಯೊದಲ್ಲಿ ಈ ಬಗ್ಗೆ ಎಚ್ಚರಿಸಿದರು. ಆದರೂ ವಿದ್ಯಾವಂತರು, ಡಾಕ್ಟರುಗಳು, ಪ್ರೊಫೆಸರುಗಳು ಗಂಟೆಗಟ್ಟಲೆ ಕ್ಯಾಮೆರಾ ಮುಂದೆ ಕೂರುತ್ತಾರೆ. ಭಯ ಇದೆ, ಒಪ್ಪುತ್ತೇನೆ. ಭಯದ ಜೊತೆಗೆ ಇನ್ನೊಂದಿದೆ. ಅಧಿಕಾರದ ದನಿಯಲ್ಲಿ ಮಾತಾಡುವವನ ಫೋನನ್ನು ಮಧ್ಯದಲ್ಲಿ ಕತ್ತರಿಸಬಾರದು ಎಂದು ನಮ್ಮ ಮೈಗೆ ಕಲಿಸಿಬಿಟ್ಟಿದ್ದೇವೆ. ತಂದೆತಾಯಿಗಳೇ, ಮಕ್ಕಳಿಗೆ ನಮಸ್ಕಾರ ಮಾಡುವುದನ್ನು ಕಲಿಸಿದ್ದೀರಿ, ಒಳ್ಳೆಯದು. ಮಕ್ಕಳೇ, ನೀವು ಅಪ್ಪ ಅಮ್ಮನಿಗೆ ಫೋನು ಕತ್ತರಿಸುವುದನ್ನು ಕಲಿಸಿ. ಒಂದು ಸಲ ಮನೆಯಲ್ಲೇ ಆಡಿ ತೋರಿಸಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಆ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನೆಂಬ ವೀರನ ಶಾಸನ ಇದೆ, ಸುಮಾರು ಕ್ರಿ.ಶ. 700ರದ್ದು. ಕನ್ನಡದ ತ್ರಿಪದಿ ನಮಗೆ ಮೊದಲು ಸಿಗುವುದು ಅಲ್ಲಿಯೇ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂದು ಶುರುವಾಗುತ್ತದೆ. ಭಾಷಣಗಳಲ್ಲಿ ಇಷ್ಟನ್ನೇ ಹೇಳಿ ನಿಲ್ಲಿಸುವವರೇ ಹೆಚ್ಚು, ಕನ್ನಡಿಗರು ಎಷ್ಟು ಸಾಧುಗಳು ಎಂದು ಚಪ್ಪಾಳೆ ಬೀಳುತ್ತದೆ. ಮುಂದಿನ ಮಾತು "ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್". ಬಾಧೆ ಕೊಡಲು ಬಂದವನಿಗೆ ಈತ ವಿಪರೀತನಾಗಿ ನಿಲ್ಲುತ್ತಾನೆ. ಬಂಡೆ ಕಡೆದವನು ಎರಡನ್ನೂ ಒಂದೇ ಉಸಿರಿನಲ್ಲಿ ಕಡೆದಿದ್ದಾನೆ. ಪೂರ್ತಿ ಓದುವ ಅಭ್ಯಾಸ ಜಾಮೀನು ಪತ್ರಕ್ಕೆ ಮಾತ್ರ ಅಲ್ಲ, ಶಾಸನಕ್ಕೂ ಬೇಕು.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

(ಸಭಿಕರ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಟ್ಟಿದ್ದೇನೆ.)

ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ನಾವು ಪ್ರಶ್ನೆ ಕೇಳಿದ್ರೆ ಎದುರುತ್ತರ ಅಂತಾರೆ. ಮನೇಲೂ, ಕ್ಲಾಸಲ್ಲೂ. ಏನು ಮಾಡೋದು?"

ಅನ್ನುತ್ತಾರಮ್ಮ, ಅದಕ್ಕೆ ಪೂರ್ತಿ ಪರಿಹಾರ ನನ್ನ ಹತ್ತಿರ ಇಲ್ಲ. ಹುಡುಗಿಯರಿಗೆ ಇದು ಇನ್ನೂ ಹೆಚ್ಚು ಎಂಬುದೂ ನಿಜ. ಹುಡುಗ ಕೇಳಿದರೆ ಚುರುಕು, ಹುಡುಗಿ ಕೇಳಿದರೆ ಬಾಯಿ ಜೋರು. ನಾನು ಕಂಡ ಮಟ್ಟಿಗೆ ಹೇಳುತ್ತೇನೆ. ಎಲ್ಲರ ಮುಂದೆ ಕೇಳಿದರೆ ಕೆಲವರಿಗೆ ಸೋಲಿಸಿದಂತೆ ಅನ್ನಿಸುತ್ತದೆ, ಅದೇ ಪ್ರಶ್ನೆಯನ್ನು ಕ್ಲಾಸು ಮುಗಿದ ಮೇಲೆ ಹೋಗಿ ಕೇಳಿದರೆ ಅವರೇ ಕೂತು ಹೇಳಿಕೊಡುತ್ತಾರೆ. ಆಗಲೂ ಹೇಳಿಕೊಡದವರು ಇದ್ದರೆ, ಅವರಿಗೆ ಉತ್ತರ ಗೊತ್ತಿಲ್ಲ ಎಂದು ತಿಳಿದುಕೊಂಡು ಲೈಬ್ರರಿಗೆ ಹೋಗಿ. ಕೇಳುವುದನ್ನು ಮಾತ್ರ ಬಿಡಬೇಡಿ.

ಹಿಂದೆ ಕುಳಿತಿದ್ದ ಹಿರಿಯರೊಬ್ಬರು ಎದ್ದರು: "ನೀವು ಹೇಳೋದು ಸರಿ ಸ್ವಾಮಿ. ಒಡಹುಟ್ಟಿದ ತಮ್ಮನೇ ಜಾಮೀನು ಹಾಕು ಅಂತ ಬಂದ್ರೆ ಓದ್ತಾ ಕೂರೋಕಾಗುತ್ತಾ?"

ತಮ್ಮನ ಕೈಯಲ್ಲೇ ಓದಿಸಿ. "ಕನ್ನಡಕ ಸಿಗ್ತಿಲ್ಲ, ನೀನೇ ಓದಪ್ಪ" ಎನ್ನಿ, ತಪ್ಪಿಲ್ಲ. ಎಷ್ಟು ಸಾಲ, ಎಷ್ಟು ಕಂತು, ಈ ಪತ್ರ ಒಂದೇ ಸಾಲಕ್ಕೋ ಅಥವಾ ಮುಂದೆ ತೆಗೆಯುವ ಸಾಲಗಳಿಗೂ ಸೇರಿಸಿಯೋ, ಇದನ್ನು ಕೇಳಿ. ಮುಂದಿನದಕ್ಕೂ ಸೇರಿದ್ದರೆ, ಅದೇ ಕಾಯ್ದೆಯ 130ನೆಯ ಸೆಕ್ಷನ್ ಪ್ರಕಾರ ಬ್ಯಾಂಕಿಗೆ ನೋಟೀಸು ಕೊಟ್ಟು, ಅಲ್ಲಿಂದಾಚೆಗಿನ ವ್ಯವಹಾರಕ್ಕೆ ನಿಮ್ಮ ಜಾಮೀನು ಇಲ್ಲ ಎನ್ನಬಹುದು. ಅದುವರೆಗಿನದು ಮಾತ್ರ ನಿಮ್ಮ ತಲೆಯ ಮೇಲೇ ಇರುತ್ತದೆ. ಪತ್ರದ ಒಂದು ಪ್ರತಿ ಇಟ್ಟುಕೊಳ್ಳಿ, ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ ಬಾಕಿ ಎಷ್ಟಿದೆ ಎಂದು ವಿಚಾರಿಸಿ. ಅಷ್ಟು ದೊಡ್ಡ ಮೊತ್ತ ನಿಮ್ಮ ಕೈಯಲ್ಲಿ ಕಟ್ಟಲು ಆಗುವುದಿಲ್ಲ ಅನ್ನಿಸಿದರೆ ಸಹಿ ಹಾಕಬೇಡಿ. ಕೈಲಾದಷ್ಟು ಹಣವನ್ನೇ ಕೊಡಿ, ವಾಪಸು ಬರುವ ಲೆಕ್ಕ ಇಟ್ಟುಕೊಳ್ಳದೆ ಕೊಡಿ. ತಮ್ಮ ಒಂದೆರಡು ತಿಂಗಳು ಮುಖ ಗಂಟಿಕ್ಕಿಕೊಂಡಾನು. ಜಾಮೀನು ನೋಟೀಸು ಬಂದ ಮನೆಗಳಲ್ಲಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟದ್ದನ್ನು ನಾನು ಕೌಂಟರಿನಲ್ಲಿ ಕೂತೇ ನೋಡಿದ್ದೇನೆ.